ಪುಕ್ಕಟೆ ಪೇಪರ್‌ಗೂ ಗಿರಾಕಿ ಇಲ್ಲ

‘ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಅನ್ನೋ ಊರಿಂದ ಹೋದವನು ನಾನು. 2008ರಲ್ಲಿ ಪ್ರಾಜೆಕ್ಟ್ ನೆಪದಲ್ಲಿ ಲಂಡನ್ನಿಗೆ ಹೋದಾಗ ನಾನು ಬಾಯಿಬಿಟ್ಟು ನೋಡಿದ್ದು ಅರಮನೆಯನ್ನಲ್ಲ, ರೈಲ್ವೆ ಸ್ಟೇಷನ್ ಬಾಗಿಲನ್ನು. ಬೆಳಿಗ್ಗೆ ಒಳಗೆ ಹೋಗುವಾಗ ‘ಮೆಟ್ರೊ’ ಪೇಪರ್ ಬಿಟ್ಟಿ. ಸಂಜೆ ಮನೆಗೆ ಹೊರಟರೆ ಇಬ್ಬರು ಹುಡುಗರು ಅಡ್ಡ ನಿಂತಿರುತ್ತಿದ್ದರು. ಒಬ್ಬನ ಕೈಯಲ್ಲಿ ‘ದಿ ಲಂಡನ್ ಪೇಪರ್’, ಇನ್ನೊಬ್ಬನ ಕೈಯಲ್ಲಿ ‘ಲಂಡನ್ ಲೈಟ್’. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರ ಹಾಗೆ ಬಲವಂತ. ಬೇಡ ಅಂತ ಕೈ ಅಡ್ಡ ಹಿಡಿದರೆ ಆ ಕೈಗೇ ಪೇಪರ್ ಇಡುತ್ತಿದ್ದರು. ಜನ ರೈಲಿನಲ್ಲಿ, ಫುಟ್‌ಪಾತ್‌ನಲ್ಲಿ ಎಲ್ಲೆಂದರಲ್ಲಿ ಬಿಸಾಡಿ ಹೋಗೋರು. ನಿಮ್ಮ ಸುದ್ದಿಯ ಕಸವನ್ನು ನೀವೇ ನೋಡಿಕೊಳ್ಳಿ ಅಂತ ವೆಸ್ಟ್‌ಮಿನ್‌ಸ್ಟರ್ ನಗರಸಭೆ ಪತ್ರಿಕೆಯವರ ಬೆನ್ನು ಹತ್ತಿತು.

ಇದರಲ್ಲೊಂದು ತಮಾಷೆ ಇತ್ತು. ಲಂಡನ್ ಲೈಟ್ ಹಂಚುತ್ತಿದ್ದ ಕಂಪನಿಯೇ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯನ್ನು 50 ಪೆನ್ಸ್‌ಗೆ ಮಾರುತ್ತಿತ್ತು. ಅದೂ ಅದೇ ಮೂಲೆಯಲ್ಲಿ! ಒಂದು ಕೈಯಲ್ಲಿ ಮಾರೋದು, ಇನ್ನೊಂದು ಕೈಯಲ್ಲಿ ಹಂಚೋದು. ನಮ್ಮೂರ ಸೆಟ್ಟರ ಅಂಗಡಿ ಹುಡುಗನೂ ಇಂಥ ವ್ಯಾಪಾರ ಮಾಡಲಾರ. 2009ರ ಜನವರಿಯಲ್ಲಿ ಸ್ಟ್ಯಾಂಡರ್ಡ್ ಅನ್ನು ಅಲೆಕ್ಸಾಂಡರ್ ಲೆಬೆಡೆವ್ ಎಂಬ ರಷ್ಯಾದ ಶ್ರೀಮಂತ, ಒಂದು ಕಾಲದಲ್ಲಿ ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಯ ಮನುಷ್ಯ, ನೆಪಕ್ಕೆ ಒಂದು ಪೌಂಡ್ ಕೊಟ್ಟು ತೆಗೆದುಕೊಂಡ. ಅಂದರೆ ಎರಡು ಪ್ರತಿಯ ಕಾಸಿಗೆ ಪತ್ರಿಕೆಯ ಮುಕ್ಕಾಲು ಪಾಲು. ನಷ್ಟ ಮಾತ್ರ ಅದರ ಜೊತೆಗೆ ಉಚಿತ. ಅಕ್ಟೋಬರ್‌ನಲ್ಲಿ ಅವನೂ ಪೇಪರನ್ನು ಪುಕ್ಕಟೆ ಮಾಡಿದ. ಆ ಇಬ್ಬರು ಹುಡುಗರ ಪೇಪರ್‌ಗಳು ವರ್ಷ ಮುಗಿಯುವುದರೊಳಗೆ ಕಣ್ಮುಚ್ಚಿದವು.

ಇಷ್ಟೆಲ್ಲ ಬಡಿದಾಟ ಓದುಗನಿಗಾಗಿ ಅಂತ ಪತ್ರಿಕೆಯವರು ನಂಬಿದ್ದರು. ಪಾಪ!

ನಮ್ಮಲ್ಲಿ ಮೈಸೂರು ರೈಲು ಹತ್ತಿದರೆ ರಾಮನಗರ ಬರುವಷ್ಟರಲ್ಲಿ ಎದುರು ಕೂತವರು ನಿಮ್ಮ ಊರು, ಸಂಬಳ, ಸೈಟು ತಗೊಂಡಿರೋ ಇಲ್ಲವೋ ಎಲ್ಲ ಕೇಳಿ ಮುಗಿಸಿ ಚಕ್ಕುಲಿ ಡಬ್ಬಿ ತೆಗೆದಿರುತ್ತಾರೆ. ಲಂಡನ್ ಸುರಂಗದ ರೈಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೂ ಎದುರಿನವರ ಮುಖ ನೋಡೋದು ಅಪರಾಧ. ಕಣ್ಣು ಎಲ್ಲಿಡೋದು? ಅದಕ್ಕೊಂದು ಬೇಲಿ ಬೇಕು. ಆ ಬೇಲಿಯೇ ಪೇಪರ್. ಒಂದು ಸಂಜೆ ನನ್ನೆದುರು ಕೂತಿದ್ದ ಟೈ ಕಟ್ಟಿದ ಮನುಷ್ಯ ಬ್ಯಾಂಕ್ ಸ್ಟೇಷನ್ನಿನಿಂದ ಸ್ಟ್ರಾಟ್‌ಫರ್ಡ್‌ವರೆಗೂ ಸುಡೊಕು ಪುಟವನ್ನೇ ದಿಟ್ಟಿಸಿ ನೋಡಿದ. ಕೈಯಲ್ಲಿ ಪೆನ್ ಇರಲಿಲ್ಲ. ಪುಟ ತಿರುಗಿಸಲೂ ಇಲ್ಲ. ಇಳಿಯುವಾಗ ಪೇಪರನ್ನು ಸೀಟಿನ ಮೇಲೆ ಇಟ್ಟ. ಪಕ್ಕದಲ್ಲಿ ನಿಂತಿದ್ದಾಕೆ ಅದನ್ನು ಎತ್ತಿಕೊಂಡು ಅದೇ ಪುಟದ ಹಿಂದೆ ಅಡಗಿದಳು.

ಮೊಬೈಲ್ ಬಂದಮೇಲೆ ಬೇಲಿ ಅಂಗೈಯಷ್ಟಾಯಿತು, ಅಷ್ಟೇ. ಅದಕ್ಕೂ ಒಂದು ತೊಡಕಿತ್ತು. ಸುರಂಗದಲ್ಲಿ ಸಿಗ್ನಲ್ ಇರಲಿಲ್ಲ. ಪ್ರಜಾಪ್ರಭುತ್ವದ ನಾಲ್ಕನೇ ಕಂಬ ನಿಂತಿದ್ದೇ ಸಿಗ್ನಲ್ ಕಂಬ ಇಲ್ಲದ ಜಾಗದಲ್ಲಿ! 2012ರಲ್ಲಿ ಸ್ಟೇಷನ್‌ಗಳಿಗೆ ವೈಫೈ ಬಂತು, 2020ರಲ್ಲಿ ಸುರಂಗದೊಳಗೂ 4ಜಿ ಇಳಿಯತೊಡಗಿತು. ಮಧ್ಯೆ 2017ರಲ್ಲಿ ಮಾಜಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಅವರನ್ನೇ ಕರೆತಂದು ಸ್ಟ್ಯಾಂಡರ್ಡ್ ಸಂಪಾದಕರನ್ನಾಗಿ ಕೂರಿಸಿದರು. ಲೆಕ್ಕ ಆಗಲೂ ಕೂಡಲಿಲ್ಲ.

ಅಮೆರಿಕದವರಿಗೆ ಇಷ್ಟು ತಾಳ್ಮೆ ಇಲ್ಲ. ವಾಷಿಂಗ್ಟನ್ ಪೋಸ್ಟ್‌ನವರ ಬಿಟ್ಟಿ ಪೇಪರ್ ‘ಎಕ್ಸ್‌ಪ್ರೆಸ್’ 2019ರ ಸೆಪ್ಟೆಂಬರ್‌ನಲ್ಲಿ ನಿಂತಾಗ, ಕೊನೆಯ ಸಂಚಿಕೆಯ ಮುಖಪುಟದಲ್ಲೇ ಶಾಪ ಹಾಕಿತು. ಆ ನಿಮ್ಮ ದರಿದ್ರ ಫೋನ್ ಇಟ್ಟುಕೊಂಡು ಸುಖವಾಗಿರಿ ಅನ್ನೋದು ಅದರ ಸಾರಾಂಶ. ಓದುಗರನ್ನು ಇಷ್ಟು ನೇರವಾಗಿ ಬೈದ ಸಂಪಾದಕರಿಗೆ ನನ್ನದೊಂದು ನಮಸ್ಕಾರ. ಆದರೆ ಬೈಗುಳ ಯಾರಿಗಾದರೂ ಮುಟ್ಟಿತಾ? ಅವರೆಲ್ಲ ಫೋನ್ ನೋಡುತ್ತಿದ್ದರು.

ಲಂಡನ್ನಿನಲ್ಲಿ ಕೊರೊನಾ ಆದಮೇಲೆ ಜನ ಆಫೀಸಿಗೇ ದಿನಾ ಹೋಗೋದು ಬಿಟ್ಟರು. ಪೇಪರ್ ಹಿಡಿದು ನಿಂತವನಿಗೆ ಕೈಗಳೇ ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾಂಡರ್ಡ್ ದಿನಪತ್ರಿಕೆ ನಿಂತಿತು. ಈಗ ಗುರುವಾರಕ್ಕೊಮ್ಮೆ ಬರುತ್ತದೆ. 1827ರಲ್ಲಿ ಹುಟ್ಟಿದ ದೊಡ್ಡ ಮನೆತನಕ್ಕೆ ಕೊನೆಗೆ ವಾರಾನ್ನ!

ಆಮೇಲೊಮ್ಮೆ ಲಂಡನ್ನಿಗೆ ಹೋದಾಗ ಶಿವಮೊಗ್ಗದ ಹಳೇ ರೂಮ್‌ಮೇಟ್ ಮನೆಯಲ್ಲಿ ಉಳಿದಿದ್ದೆ. ಭಾನುವಾರ ಸಂಜೆ, ಹೊರಗೆ ಸಣ್ಣ ಮಳೆ. ಆಲೂಗಡ್ಡೆ ಬೇಯಿಸಿ ಬೋಂಡಾಕ್ಕೆ ಹಿಟ್ಟು ಕಲಸಿದ್ದ. ಬಾಣಲೆ ಕಾದಮೇಲೆ ನೆನಪಾಯಿತು, ಎಣ್ಣೆ ಹೀರೋಕೆ ಹಾಸಲು ಮನೆಯಲ್ಲಿ ಒಂದು ಪೇಪರ್ ಇಲ್ಲ. 2008ರಲ್ಲಿ ನಮ್ಮ ಅಡುಗೆಮನೆ ಶೆಲ್ಫಿನ ತುಂಬಾ ಮೂರೂ ಪತ್ರಿಕೆ ಇರುತ್ತಿದ್ದವು. ಯಾವುದು ಎಣ್ಣೆ ಚೆನ್ನಾಗಿ ಹೀರುತ್ತದೆ ಅಂತ ನಮ್ಮಲ್ಲಿ ಗಂಭೀರ ಚರ್ಚೆಯೂ ಆಗಿತ್ತು.

“ಮಾರಾಯ, ಸ್ಟೇಷನ್ ಹತ್ತಿರ ಹೋಗಿ ನಾಲ್ಕು ಪೇಪರ್ ತಗೊಂಡು ಬಾ” ಅಂದ.

ಕೊಡೆ ಹಿಡಿದು ಹೋದೆ. ಪೇಪರ್ ಸ್ಟ್ಯಾಂಡ್ ಅಲ್ಲೇ ಇತ್ತು. ಒಳಗೆ ಯಾರೋ ಅರ್ಧ ಕುಡಿದು ಬಿಟ್ಟ ಕಾಫಿ ಲೋಟ. ಮೆಟ್ರೊ ಇನ್ನೂ ಉಸಿರಾಡುತ್ತಿದೆಯಾದರೂ ಭಾನುವಾರ ಅದಕ್ಕೆ ರಜೆ. ಬರಿಗೈಲಿ ವಾಪಸ್ ಬಂದೆ.

“ಗುರುವಾರದವರೆಗೆ ಸ್ಟ್ಯಾಂಡರ್ಡ್ ಇಲ್ವಂತೆ ಕಣೋ” ಅಂದೆ.

ಅವನು ಒಲೆ ಆರಿಸಿ ಹಿಟ್ಟನ್ನು ಫ್ರಿಜ್‌ಗೆ ಇಟ್ಟ.