‘ಶಕ್ತಿ’ ಬ್ಯಾಂಡಿನ ವೇಗದ ಮಾತು ಸಾಕು, ಘಟದ ಮಾತಾಡೋಣ

2024ರ ಡಿಸೆಂಬರ್‌ನಲ್ಲಿ ತಬಲಾ ವಾದಕ ಜಾಕಿರ್ ಹುಸೇನ್ ತೀರಿಕೊಂಡ ಮೇಲೆ, ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಜಾಝ್ ಬೆಸೆದ ಅವರ ಬ್ಯಾಂಡ್ ‘ಶಕ್ತಿ’ಯ ವಿಡಿಯೋ ತುಣುಕುಗಳು ಎಲ್ಲೆಲ್ಲೂ ಓಡಾಡಿದವು. ನನ್ನ ಕಣ್ಣಿಗೆ ಬಿದ್ದವೆಲ್ಲ ಒಂದೇ ಬಗೆಯವು. ಮಿಂಚಿನ ಹಾಗೆ ಓಡುವ ಬೆರಳುಗಳು, ಕೆಳಗೆ ‘ಅಬ್ಬಾ, ಏನ್ ಸ್ಪೀಡು!’ ಅನ್ನೋ ಕಾಮೆಂಟು. ನನಗೆ ಸಮಾಧಾನ ಆಗಲಿಲ್ಲ. ಎಪ್ಪತ್ತರ ದಶಕದ ಮೂರೂ ಆಲ್ಬಂಗಳನ್ನು ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಮತ್ತೆ ಕೇಳಿದೆ. ಈ ಬ್ಯಾಂಡಿನ ಜೀವ ಇರುವುದು ವಿಕ್ಕು ವಿನಾಯಕರಾಂ ನುಡಿಸುವ ಮಣ್ಣಿನ ಮಡಕೆಯ ತಾಳವಾದ್ಯ ಘಟದಲ್ಲಿ ಅಂತ ಈಗ ನನಗೆ ಖಾತ್ರಿಯಾಗಿದೆ.

ತಮ್ಮ ಹಿಂದಿನ ಜಾಝ್-ರಾಕ್ ಬ್ಯಾಂಡ್ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಬ್ಬರಿಸುತ್ತಿದ್ದ ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಇಲ್ಲಿ ಕಾಲು ಮಡಚಿ ಕೂತು ಮರದ (ಅಕೂಸ್ಟಿಕ್) ಗಿಟಾರ್ ಹಿಡಿದರು. ಪಕ್ಕದಲ್ಲಿ ಎಲ್. ಶಂಕರ್ ಅವರ ಪಿಟೀಲು, ತಬಲಾ, ಘಟ. ಡ್ರಮ್ಸ್ ಇಲ್ಲ, ಬೇಸ್ ಗಿಟಾರ್ ಇಲ್ಲ. ಹಾಗಾದರೆ ಎದೆಗೆ ತಾಗುವ ಆ ತಗ್ಗಿನ ನಾದ ಎಲ್ಲಿಂದ ಬರುತ್ತದೆ? ಒಂದಿಷ್ಟು ಜಾಕಿರ್ ಅವರ ಎಡಗೈಯ ಡಗ್ಗಾದಿಂದ (ತಬಲಾ ಜೋಡಿಯ ದೊಡ್ಡದು), ಇನ್ನೊಂದಿಷ್ಟು ಘಟದ ಬಾಯಿಂದ. ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಮೆಲ್ಲಗೆ ಸಡಿಲಿಸುತ್ತಾ ಬಡಿದರೆ ‘ಗುಂ’ ಅನ್ನುವ ಸದ್ದು ಜಾರುತ್ತಾ ಹೋಗುತ್ತದೆ. ನಮ್ಮ ಸಂಗೀತ ಕಛೇರಿಗಳಲ್ಲಿ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗ್ತಾರಲ್ಲ, ಅವರೆಲ್ಲ ಕೂತು ಕೇಳಬೇಕು ಇದನ್ನು.

1976ರ ಮೊದಲ ಆಲ್ಬಂ ಲೈವ್ ರೆಕಾರ್ಡಿಂಗ್. ಅದರಲ್ಲಿ ಆರ್. ರಾಘವನ್ ಅವರ ಮೃದಂಗವೂ ಇದೆ. ಹದಿನೆಂಟು ನಿಮಿಷದ ‘ಜಾಯ್’ ಅನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಅದರ ಬೆನ್ನಿಗೇ ಐದು ನಿಮಿಷವೂ ಇಲ್ಲದ ‘ಲೋಟಸ್ ಫೀಟ್’ ಬರುತ್ತದೆ. ಅಲ್ಲಿ ಯಾರಿಗೂ ಅವಸರ ಇಲ್ಲ. ಮೆಕ್‌ಲಾಫ್ಲಿನ್ ವೀಣೆ ಕಲಿತವರು. ತಂತಿ ಎಳೆದು ಗಮಕ (ಸ್ವರದ ಬಳುಕು) ತರಬೇಕು ಅಂತ ಗಿಟಾರಿನ ಮೆಟ್ಟಿಲುಗಳ (ಫ್ರೆಟ್‌ಗಳ) ನಡುವಿನ ಮರವನ್ನೇ ತೋಡಿಸಿದ್ದರು. ಕೆಳಗೆ ಓರೆಯಾಗಿ ಶ್ರುತಿಯ ತಂತಿಗಳನ್ನೂ ಕೂರಿಸಿಕೊಂಡಿದ್ದರು. ಅಷ್ಟೆಲ್ಲ ಯಾಕೆ ಮಾಡಿದರು ಅನ್ನುವುದು ಇಂಥ ನಿಧಾನದ ಜಾಗಗಳಲ್ಲೇ ಗೊತ್ತಾಗುವುದು.

ಎರಡನೆಯದು ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಶುರುವಾಗುವುದೇ ಕೊನ್ನಕ್ಕೋಲಿನಿಂದ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವುದರಿಂದ. ಆ ಜತಿ ಮುಗಿಯುತ್ತಿದ್ದ ಹಾಗೆ ಗಿಟಾರ್, ಪಿಟೀಲು ಒಟ್ಟಿಗೆ ನುಗ್ಗುತ್ತವೆ. ತಬಲಾ ಉತ್ತರಾದಿಯದು, ಘಟ ದಕ್ಷಿಣಾದಿಯದು. ಎರಡರ ಲೆಕ್ಕಾಚಾರವೂ ಬೇರೆ, ಕಲಿಸುವ ರೀತಿಯೂ ಬೇರೆ. ಆದರೂ ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ಎಷ್ಟು ಹದವಾಗಿ ತುಂಬುತ್ತಾರೆ ನೋಡಿ.

1977ರ ‘ನ್ಯಾಚುರಲ್ ಎಲಿಮೆಂಟ್ಸ್’ನಲ್ಲಿ ಎಲ್ಲವೂ ಚಿಕ್ಕ ಚಿಕ್ಕ ರಚನೆಗಳು. ಚೆನ್ನಾಗಿವೆ, ಆದರೆ ಅರಳುವ ಮೊದಲೇ ಮುಗಿದುಹೋಗುತ್ತವೆ.

ಎಷ್ಟೋ ವರ್ಷಗಳ ಮೇಲೆ ಬಂದ 2023ರ ಆಲ್ಬಂ ‘ದಿಸ್ ಮೊಮೆಂಟ್’ ಗ್ರ್ಯಾಮಿ ಗೆದ್ದಿತು. ಶಂಕರ್ ಮಹಾದೇವನ್ ಅವರ ಹಾಡು, ವಿನಾಯಕರಾಂ ಅವರ ಮಗ ಸೆಲ್ವಗಣೇಶ್ ಅವರ ತಾಳವಾದ್ಯ ಎರಡೂ ಸೊಗಸು. ನನಗೆ ಮಾತ್ರ ಆ ಮರದ ಗಿಟಾರ್ ಇಲ್ಲದ್ದು ಜಾಸ್ತಿ ಕಾಡಿತು. ಹೊಸದಾಗಿ ಕೇಳುವವರು ದಯವಿಟ್ಟು ‘ಜಾಯ್’ನಿಂದ ಶುರು ಮಾಡಬೇಡಿ. ಮೊದಲು ‘ಲೋಟಸ್ ಫೀಟ್’ ಕೇಳಿ, ಆಮೇಲೆ ಎರಡನೇ ಆಲ್ಬಂ ಪೂರ್ತಿ.