ಫ್ಯಾನು ಐದರಲ್ಲಿ, ಆಕಾಶ ಪಟ್ಟಾಪಟ್ಟಿ

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ ಕೂತಿದೆ. ಅನ್ನ ಕಲಸುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಕೂಡಲೇ ತಲೆ ಎತ್ತಿ ಮೇಲೆ ನೋಡುತ್ತೇನೆ. ಮೇಲೆ ಫ್ಯಾನು. ಐದರಲ್ಲಿ.

ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಮ್ಮ ಮನೆ. ನಾನು, ಹೆಂಡತಿ, ಅಮ್ಮ. ಮಗಳು ಬೆಂಗಳೂರಿನಲ್ಲಿದ್ದಾಳೆ. ಡಾಕ್ಟರು ನನ್ನ ಬಿಪಿ ನೋಡಿ "ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎಂದರು. ವಾರಕ್ಕೆ ಆರು ದಿನ ಲೋಕಲ್‌ನಲ್ಲಿ ನಿಂತು ಫೋರ್ಟಿಗೆ ಹೋಗಿ, ನಿಂತೇ ವಾಪಸ್ಸು ಬರುವವನಿಗೆ ಸುಮ್ನೆ ಕೂತುಕೊಳ್ಳುವುದೇ ಒಂದು ಹವ್ಯಾಸ ಅಲ್ವಾ? ಆದರೆ ಮಗಳಿಗೆ ಸುದ್ದಿ ಮುಟ್ಟಿತು. ಹುಟ್ಟುಹಬ್ಬಕ್ಕೆ ಅಕ್ರಿಲಿಕ್ ಬಣ್ಣದ ಸೆಟ್ ಬಂತು. ಹನ್ನೆರಡು ಟ್ಯೂಬು, ಐದು ಬ್ರಷ್ಷು, ಎರಡು ಕ್ಯಾನ್ವಾಸ್ ಬೋರ್ಡು. "ತುಂಬಾ ಸುಲಭ ಅಪ್ಪಾ. ನೀರಲ್ಲೇ ಕಲಸೋದು, ನೀರಲ್ಲೇ ತೊಳೆಯೋದು, ಬೇಗ ಒಣಗುತ್ತೆ" ಎಂದಳು.

ಆ "ಬೇಗ ಒಣಗುತ್ತೆ" ಅನ್ನುವುದನ್ನು ಅವಳು ಒಳ್ಳೆಯ ಗುಣ ಅನ್ನುವ ಹಾಗೆ ಹೇಳಿದ್ದಳು.

ಅಕ್ರಿಲಿಕ್ ಎಂದರೆ ಬಣ್ಣದ ಪುಡಿಯನ್ನು ಒಂದು ಬಗೆಯ ಪ್ಲಾಸ್ಟಿಕ್ ಹಾಲಿನಲ್ಲಿ ಕಲಸಿಟ್ಟದ್ದು. ನೀರಿನಂಶ ಇರುವ ತನಕ ನಮ್ಮ ಮಾತು ಕೇಳುತ್ತದೆ. ನೀರು ಆರಿತೋ, ಮುಗಿಯಿತು, ಪ್ಲಾಸ್ಟಿಕ್ಕೇ. ಆಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿದರೂ ಕರಗುವುದಿಲ್ಲ. ನೀರಲ್ಲಿ ಕಲಸುವ ಈ ಬಣ್ಣ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1950ರ ದಶಕದಲ್ಲಿ. ಅಲ್ಲಿ ಮೇ ತಿಂಗಳ ಡೊಂಬಿವಲಿ ಇರಲಿಲ್ಲ. ನನ್ನ ಅಮ್ಮನೂ ಇರಲಿಲ್ಲ.

ಅಮ್ಮನಿಗೆ ಎಪ್ಪತ್ತೊಂಬತ್ತು. ಕುಂದಾಪುರದ ಕಡೆಯವರು. ಅವರಿಗೆ ಪ್ರೀತಿ ತೋರಿಸಲು ಗೊತ್ತಿರುವುದು ಎರಡೇ ದಾರಿ. ಒಂದು, ಇನ್ನೊಂದು ದೋಸೆ ಹಾಕುವುದು. ಎರಡನೆಯದು ಫ್ಯಾನು. ಮನೆಯಲ್ಲಿ ಯಾರು ಎಲ್ಲಿ ಕೂತರೂ ಐದು ಸೆಕೆಂಡಿನಲ್ಲಿ ಅವರ ತಲೆಯ ಮೇಲಿನ ಫ್ಯಾನು ತಿರುಗುತ್ತದೆ. ರೆಗ್ಯುಲೇಟರಿನಲ್ಲಿ ಒಂದು, ಎರಡು, ಮೂರು, ನಾಲ್ಕು ಅನ್ನುವ ಅಂಕಿಗಳು ಇರುವುದು ಅವರ ಲೆಕ್ಕದಲ್ಲಿ ಸುಮ್ನೆ ಅಂದಕ್ಕೆ. ಐದಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸ್ಟೇಷನ್ನುಗಳು ಅಷ್ಟೇ. ಅಮ್ಮನದು ಫಾಸ್ಟ್ ಲೋಕಲ್.

ಮೊದಲ ಭಾನುವಾರ ಹಾಲ್‌ನಲ್ಲಿ ಪೇಪರ್ ಹಾಸಿ, ಸ್ಟೀಲ್ ತಟ್ಟೆಗೆ ನಾಲ್ಕು ಬಣ್ಣ ಹಿಂಡಿಕೊಂಡು ಕೂತೆ. ಬರೆಯಬೇಕಿದ್ದದ್ದು ಮರವಂತೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೈವೇ. ಊರಿಗೆ ಹೋಗುವಾಗ ಬಸ್ಸಿನಲ್ಲಿ ಎಷ್ಟು ಗಾಢ ನಿದ್ದೆಯಲ್ಲಿದ್ದರೂ ಅಲ್ಲಿ ಎಚ್ಚರ ಆಗಿಯೇ ಆಗುತ್ತದೆ. ಮೊದಲು ಆಕಾಶ. ಮೇಲೆ ದಟ್ಟ ಅಲ್ಟ್ರಾಮರೀನ್ ನೀಲಿ, ಕೆಳಗೆ ಬರುತ್ತಾ ಬರುತ್ತಾ ಬಿಳಿ ಜಾಸ್ತಿ ಮಾಡಿಕೊಂಡು, ಸಮುದ್ರ ಮುಟ್ಟುವ ಹೊತ್ತಿಗೆ ತೆಳು ಹಾಲಿನ ಬಣ್ಣ. ಒಂದರೊಳಗೆ ಒಂದು ಕರಗಬೇಕಾದರೆ ಎರಡೂ ಹಸಿಯಾಗಿರಬೇಕು. ಹಾಗಾಗಿ ಬೋರ್ಡಿಗೆ ಮೊದಲು ನೀರಿನ ಕೈ ಹಚ್ಚಿಕೊಂಡು, ಅಗಲದ ಫ್ಲಾಟ್ ಬ್ರಷ್ಷಿನಲ್ಲಿ ಗಡಿಬಿಡಿ ಮಾಡಬೇಕು. ಸಿಗುವುದು ಕೆಲವೇ ನಿಮಿಷ.

ಮೊದಲ ಪಟ್ಟೆ ಎಳೆದೆ. ಬಿಳಿ ಕಲಸಲು ತಟ್ಟೆಯತ್ತ ತಿರುಗಿದೆ. ಹಿಂದಿನಿಂದ ಟಕ್ ಅಂತ ಸ್ವಿಚ್ ಸದ್ದು.

"ಸೆಕೆ ಅಲ್ದಾ ಮಗಾ."

ಅಷ್ಟೇ. ನಾನು ತಿರುಗುವಷ್ಟರಲ್ಲಿ ಮೊದಲ ಪಟ್ಟೆ ಒಣಗಿತ್ತು. ಎರಡನೆಯದು ಅದರೊಳಗೆ ಕರಗಲಿಲ್ಲ, ಅದರ ಮೇಲೆ ಕೂತಿತು. ಮೂರನೆಯದು ಎರಡನೆಯದರ ಮೇಲೆ. ನಾನು ಎದ್ದು ಫ್ಯಾನ್ ಬಂದ್ ಮಾಡಿದೆ. ಅಮ್ಮ ಕಿಚನ್ನಿಗೆ ಹೋಗುವ ದಾರಿಯಲ್ಲಿ ಹಾಕಿದರು. ನಾನು ಬಂದ್ ಮಾಡಿದೆ. ಅವರು ಬಾಲ್ಕನಿಯಿಂದ ಬಟ್ಟೆ ತರುವಾಗ ಹಾಕಿದರು. ಬೈಯುವ ಹಾಗೂ ಇಲ್ಲ, ಯಾಕೆಂದರೆ ನಾನು ನಿಜವಾಗಿಯೂ ಬೆವರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮರವಂತೆಯ ಆಕಾಶ ಪಟ್ಟಾಪಟ್ಟಿ ಚಡ್ಡಿಯ ಹಾಗೆ ಕಾಣುತ್ತಿತ್ತು. ಹೆಂಡತಿ ನೋಡಿ, ಲಾಡಿ ಒಂದು ಕಡಿಮೆ ಎಂದಳು.

ಅವಳಿಗೆ ಈ ಬಣ್ಣದ ಒಂದೇ ಒಂದು ಗುಟ್ಟು ನನಗಿಂತ ಮೊದಲು ಹೊಳೆಯಿತು. ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಒಳಗಿರುವ ಆ ಪ್ಲಾಸ್ಟಿಕ್ ಹಾಲು ಹಸಿಯಿದ್ದಾಗ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಗಾಜಿನ ಹಾಗೆ ತಿಳಿಯಾಗುತ್ತದೆ. ಬೆಳ್ಳಗಿನದು ಮಾಯವಾದಾಗ ಬಣ್ಣ ಒಂದು ಪಟ್ಟು ಗಾಢ. ನಾನು ಮರುದಿನ ಅದೇ ನೀಲಿ ಕಲಸಲು ಅರ್ಧ ಗಂಟೆ ಒದ್ದಾಡುತ್ತಿದ್ದೆ. "ಒಂದು ತುಂಡು ಪೇಪರಿಗೆ ಹಚ್ಚಿ, ಒಣಗಿಸಿ, ಆಮೇಲೆ ಹಿಡಿದು ನೋಡಿ. ಬ್ಲೌಸ್ ಪೀಸ್ ತರುವಾಗ ಸೀರೆ ಹಿಡ್ಕೊಂಡು ಹೋಗಲ್ವಾ?" ಎಂದಳು. ದಾದರ್‌ನ ಮ್ಯಾಚಿಂಗ್ ಸೆಂಟರುಗಳಲ್ಲಿ ಇಪ್ಪತ್ತೈದು ವರ್ಷ ಕಳೆದ ಅನುಭವ ಅದು. ಇನ್ನು ಬಿಳಿ ಟ್ಯೂಬಂತೂ ಎಲ್ಲಕ್ಕಿಂತ ಮೊದಲು ಖಾಲಿ. ಮನೆಯಲ್ಲಿ ತೆಂಗಿನಕಾಯಿ ಹೇಗೋ, ಹಾಗೆ. ಯಾವುದಕ್ಕೇ ಆದರೂ ಬೇಕು.

ಬ್ರಷ್ಷುಗಳ ಕತೆ ಬೇರೆ. ಸ್ಟೇಷನ್ ಹತ್ತಿರದ ಅಂಗಡಿಯವ "ಫ್ಲಾಟ್, ರೌಂಡ್ ಇದೆ, ಫಿಲ್ಬರ್ಟ್ ಬೇಕಾ?" ಎಂದ. ವಿಲ್ಫ್ರೆಡ್, ಗಿಲ್ಬರ್ಟ್ ಇದ್ದ ಹಾಗೆ ಮಂಗಳೂರು ಕಡೆಯವರು ಯಾರೋ ಇರಬೇಕು ಅಂದುಕೊಂಡೆ. ಅದು ತುದಿ ಬಾದಾಮಿಯ ಹಾಗೆ ದುಂಡಗಿರುವ ಚಪ್ಪಟೆ ಬ್ರಷ್ಷು. ಮೋಡಕ್ಕೆ ಒಳ್ಳೆಯದು. ಈ ಬಣ್ಣಕ್ಕೆ ನೈಲಾನ್ ಕೂದಲಿನದೇ ಸಾಕು, ದುಬಾರಿ ಪ್ರಾಣಿಯ ಕೂದಲು ಬೇಡ ಅಂತಲೂ ಅವನೇ ಹೇಳಿದ. ಪುಣ್ಯಾತ್ಮ. ಆದರೆ ಬ್ರಷ್ಷನ್ನು ಒಂದು ಕ್ಷಣ ಒಣಗಲು ಬಿಟ್ಟರೆ ಹಲ್ಲುಕಡ್ಡಿ. ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿಟ್ಟರೆ ತುದಿ ಸೊಟ್ಟ. ಕೂದಲು ಹಿಡಿದಿರುವ ತಗಡಿನ ಕೊಳವೆಯೊಳಗೆ ಬಣ್ಣ ಹೊಕ್ಕಿತೋ, ಯಕ್ಷಗಾನದ ಕಿರೀಟದ ಹಾಗೆ ಕೆದರಿ ನಿಲ್ಲುತ್ತದೆ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆದು, ಬೆರಳಲ್ಲಿ ತುದಿ ತಿದ್ದಿ, ಅಡ್ಡ ಮಲಗಿಸಬೇಕು. ನಾನು "ಚಾ ಕುಡಿದು ತೊಳೆಯೋಣ" ಎಂದುಕೊಂಡೆ. ಐದರಲ್ಲಿ ಎರಡು ಹೀಗೆ ಸತ್ತವು.

ಸತ್ತದ್ದರಲ್ಲಿ ಒಂದನ್ನು ಅಮ್ಮ ಎತ್ತಿಕೊಂಡು ಹೋಗಿ ಮಿಕ್ಸಿ ಜಾರಿನ ಅಡಿಯ ಸಂದಿ ಉಜ್ಜಿದರು. ಎಷ್ಟೋ ವರ್ಷದ ಚಟ್ನಿ ಹೊರಗೆ ಬಂತು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಪ್ರಮೋಷನ್ ಸುದ್ದಿ ಹೇಳಿದಾಗಲೂ ನೋಡಿರಲಿಲ್ಲ. ಈಗ ನಾನು ಬಣ್ಣ ಹಿಡಿದು ಕೂತರೆ ಹತ್ತಿರ ಬಂದು ಕೇಳುತ್ತಾರೆ. "ಇನ್ನೊಂದ್ ಯಾವಾಗ ಹಾಳಾತ್ತ್ ಮಗಾ?"

ಕನ್ನಡ ಸಂಘದಲ್ಲಿ ಸಿಕ್ಕ ಗೆಳೆಯನೊಬ್ಬ ಧೈರ್ಯ ಹೇಳಿದ. ಕೆ.ಕೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು, ಇದೇ ಮುಂಬೈಗೆ ಬಂದು ಜೆ.ಜೆ. ಸ್ಕೂಲಿನಲ್ಲಿ ಕಲಿತು ಅಷ್ಟು ದೊಡ್ಡವರಾದರು, ನಮ್ಮ ನೀರಿನಲ್ಲೇ ಇದೆ ಮಾರಾಯಾ ಅದು, ಅಂತ. ಇರಬಹುದು. ಆದರೆ ಹೆಬ್ಬಾರರು ಎಣ್ಣೆ ಬಣ್ಣದಲ್ಲಿ ಬರೆದವರು. ಎಣ್ಣೆ ಬಣ್ಣ ಒಣಗಲು ದಿನಗಟ್ಟಲೆ ಬೇಕು. ಅದರ ಎದುರು ಹತ್ತು ಅಮ್ಮಂದಿರು ಹತ್ತು ಫ್ಯಾನು ಹಾಕಿದರೂ ಏನೂ ಆಗುವುದಿಲ್ಲ.

ಗೆಳೆಯನೇ ಇನ್ನೊಂದು ಉಪಾಯ ಕೊಟ್ಟ. ಒದ್ದೆ ಪ್ಯಾಲೆಟ್. ಮಿಠಾಯಿ ಬರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಟಿಶ್ಯೂ ಪೇಪರ್ ಮಡಚಿಟ್ಟು ನೀರಲ್ಲಿ ನೆನೆಸಬೇಕು. ಅದರ ಮೇಲೆ ಬಟರ್ ಪೇಪರ್. ಬಣ್ಣ ಅದರ ಮೇಲೆ. ಕೆಳಗಿನ ತೇವ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತಿರುತ್ತದೆ, ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಆಗುತ್ತದೆ. ಅಂಗಡಿಯಲ್ಲಿ ಬಣ್ಣ ನಿಧಾನ ಮಾಡುವ ರಿಟಾರ್ಡರ್ ಅನ್ನುವ ದ್ರವವೂ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಅಮ್ಮನನ್ನು ನಿಧಾನ ಮಾಡುವಂಥದ್ದು. ಅದು ಸ್ಟಾಕ್‌ನಲ್ಲಿ ಇರಲಿಲ್ಲ.

ಹೋದ ಭಾನುವಾರ ಒದ್ದೆ ಪ್ಯಾಲೆಟ್ಟಿನ ಉದ್ಘಾಟನೆ. ಬಟರ್ ಪೇಪರಿನ ಮೇಲೆ ನೀಲಿ, ಬಿಳಿ, ಹಳದಿ ಓಕರ್, ಧಾರಾಳವಾಗಿ ಹಿಂಡಿದ್ದೆ. ಆಗ ಬೆಲ್ ಆಯಿತು. ಸೊಸೈಟಿಯ ಸೆಕ್ರೆಟರಿ. ಟೆರೇಸ್ ವಾಟರ್‌ಪ್ರೂಫಿಂಗಿಗೆ ಎಲ್ಲರ ಸಹಿ ಬೇಕಂತೆ. ಮೈಮೇಲೆ ಹಾಲಿನಂಥ ಬಿಳಿ ಕುರ್ತಾ, ಕೈಯಲ್ಲೊಂದು ಜಾಕೀಟು. ಅಲ್ಲಿಂದ ಸೀದಾ ಯಾರದೋ ಸಾಖರ್‌ಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಹೊರಟಿದ್ದರು. "ಕಾಯ್ ಶೆಟ್ಟಿ ಅಣ್ಣಾ, ಪೇಂಟಿಂಗ್?" ಎಂದರು. ನಾನು ಶೆಟ್ಟಿ ಅಲ್ಲ. ಹದಿನೆಂಟು ವರ್ಷದಿಂದ ಹೇಳಿ ಹೇಳಿ ಬಿಟ್ಟಿದ್ದೇನೆ. ಮುಂಬೈಯಲ್ಲಿ ಕನ್ನಡ ಮಾತಾಡಿದವನೆಲ್ಲ ಶೆಟ್ಟಿ.

ಮೂರು ಮಾಳಿಗೆ ಹತ್ತಿ ಬಂದ ಮನುಷ್ಯ ಏದುಸಿರು ಬಿಡುತ್ತಿದ್ದರು. ಅಮ್ಮ ನೋಡಿದರು. ಪಾಪ ಅನ್ನಿಸಿತು. ಟಕ್.

ನಾನು ಸಹಿ ಹಾಕಲು ಕನ್ನಡಕ ಹುಡುಕಿದೆ. ಕನ್ನಡಕ ಸಿಗುವ ತನಕ ಅವರು ವಾಟರ್‌ಪ್ರೂಫಿಂಗಿನ ಖರ್ಚು ವಿವರಿಸಿದರು, ಆಮೇಲೆ ಮೊದಲಿನ ಕಾಂಟ್ರಾಕ್ಟರ್ ಹೇಗೆ ಓಡಿಹೋದ ಎಂದು ವಿವರಿಸಿದರು. ಹೆಂಡತಿ ಚಾ ತಂದಳು. ಇಷ್ಟು ಹೊತ್ತೂ ಫ್ಯಾನು ಅದರ ಕೆಲಸ ಮಾಡುತ್ತಿತ್ತು. ಮೊದಲು ಟಿಶ್ಯೂ ಅಂಚಿನಲ್ಲಿ ಒಣಗಿತು. ಆಮೇಲೆ ಬಟರ್ ಪೇಪರಿನ ಒಂದು ಮೂಲೆ ಹಪ್ಪಳದ ಹಾಗೆ ಮೇಲೆದ್ದಿತು. ನಾನು ಅದನ್ನು ನೋಡಿದೆ. ಕಾಗದಕ್ಕೆ ಏನಾದರೂ ಭಾರ ಇಡಬೇಕು ಅಂದುಕೊಂಡೆ. ಅದೇ ಹೊತ್ತಿಗೆ ಸೆಕ್ರೆಟರಿ ಚಾ ಲೋಟ ಇಟ್ಟು, ಎದ್ದು, ಜಾಕೀಟು ತೆಗೆದುಕೊಳ್ಳಲು ಬಗ್ಗಿದರು.

ಕಾಗದ ಹಾರಿತು. ಒಂದು ಸುತ್ತು ಹೊಡೆದು, ಬಣ್ಣದ ಮುಖ ಒಳಗೆ ಮಾಡಿ, ಅವರ ಬೆನ್ನಿಗೆ ಹೋಗಿ ಅಂಟಿತು.

ಅಕ್ರಿಲಿಕ್‌ನ ಇನ್ನೊಂದು ಗುಣ ಇದೆ. ದಪ್ಪಗೆ ಹಿಂಡಿದ ಬಣ್ಣ ಮೇಲಿಂದ ಕೆನೆ ಕಟ್ಟುತ್ತದೆ, ಒಳಗೆ ಮಾತ್ರ ಹಸಿಯೇ ಇರುತ್ತದೆ. ಆ ಕೆನೆ ಅವರ ಬೆನ್ನ ಮೇಲೆ ಒಡೆಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಅವರು ನೆಟ್ಟಗೆ ನಿಂತಾಗ ಕಾಗದ ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಜಾರುವಾಗ ಎಲ್ಲವನ್ನೂ ಕಲಸಿಕೊಂಡೇ ಜಾರಿತು. ಮೇಲೆ ದಟ್ಟ ನೀಲಿ. ಕೆಳಗೆ ಬರುತ್ತಾ ಬರುತ್ತಾ ಬಿಳಿ ಬೆರೆತು ತೆಳು. ಸೊಂಟದ ಹತ್ತಿರ ಒಂಚೂರು ಮರಳಿನ ಹಳದಿ. ಎಲ್ಲೂ ಪಟ್ಟೆ ಇಲ್ಲ. ನಾಲ್ಕು ಭಾನುವಾರ ನಾನು ತಪಸ್ಸು ಮಾಡಿದ್ದು ಅದಕ್ಕೇ.

ನಾವು ಮೂವರೂ ಅವರ ಬೆನ್ನನ್ನೇ ನೋಡುತ್ತಾ ನಿಂತೆವು. ಅಮ್ಮನೇ ಮೊದಲು ಬಾಯಿ ಬಿಟ್ಟದ್ದು.

"ಅವ್ನ್ ಬೆನ್ನ್ ಮೇಲ್ ಮರವಂತೆ ಇತ್ತ್ ಕಾಣ್."

"ಆಜಿ ಕಾಯ್ ಮ್ಹಣಾಲ್ಯಾ?" ಅಜ್ಜಿ ಏನಂದರು ಎಂದು ಮರಾಠಿಯಲ್ಲಿ ಕೇಳಿದರು ಸೆಕ್ರೆಟರಿ, ನಗುತ್ತಾ, ಜಾಕೀಟಿಗೆ ಒಂದು ಕೈ ತೂರಿಸುತ್ತಾ.

ಹಸಿ ಇರುವಾಗ ತೊಳೆದರೆ ಬಟ್ಟೆಯಿಂದ ಹೋಗುತ್ತದೆ, ಒಣಗಿದರೆ ಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು. ಮೇಲೆ ಫ್ಯಾನು ತಿರುಗುತ್ತಿತ್ತು. ಇದೂ ಗೊತ್ತಿತ್ತು. ನಾನು ಹಾರಿ ಸ್ವಿಚ್ ಬಂದ್ ಮಾಡಿದೆ. ಅಮ್ಮ "ಪಾಪ ಬೆವರ್ತಿದ್ದ" ಎಂದು ಮತ್ತೆ ಹಾಕಿದರು. ಇದು ಎರಡು ಸಲ ನಡೆಯಿತು. ಕೊನೆಗೆ ಅವರನ್ನು ಬಾತ್‌ರೂಮಿಗೆ ಎಳೆದೊಯ್ದು, ಬೆನ್ನಿಗೆ ಸೋಪು ಹಚ್ಚಿ, ಒದ್ದೆ ಟವೆಲಿನಲ್ಲಿ ತಿಕ್ಕಿದೆ. ಒಣಗಿದ ಕಡೆಗೆ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಹುಡುಕಿ ತಂದೆ. ಅದರ ಆಲ್ಕೋಹಾಲಿಗೆ ಒಣಗಿದ ಅಕ್ರಿಲಿಕ್ ಸ್ವಲ್ಪ ಮೆತ್ತಗಾಗುತ್ತದೆ. ಸಹಿ ಕೇಳಲು ಬಂದ ಮನುಷ್ಯ ಬಕೆಟ್ಟಿನ ಪಕ್ಕ ಗೋಡೆ ಹಿಡಿದು ನಿಂತಿದ್ದರು. ಮಾತಿಲ್ಲ. ಸಮುದ್ರ ಪೂರ್ತಿ ಹೋಯಿತು. ಆಕಾಶ ಒಂದು ಅಂಗೈಯಷ್ಟು ಉಳಿಯಿತು. ಮೇ ತಿಂಗಳ ಮಧ್ಯಾಹ್ನ, ಇಡೀ ಸಾಖರ್‌ಪುಡಾ ಅವರು ಜಾಕೀಟಿನ ಗುಂಡಿ ಬಿಚ್ಚದೆ ಕೂತಿದ್ದರಂತೆ. ವಾಟರ್‌ಪ್ರೂಫಿಂಗಿಗೆ ಎಷ್ಟು ದುಡ್ಡು ಎಂದು ನಾನು ಕೇಳಲಿಲ್ಲ. ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದೆ.

ಆ ರಾತ್ರಿ ಅಮ್ಮನ ಮೇಲೆ ರೇಗಿದೆ. ಜೋರಾಗಿಯೇ. ಅವರು ಏನೂ ಹೇಳಲಿಲ್ಲ. ಹೆಂಡತಿಯೇ ಆಮೇಲೆ ಮೆಲ್ಲಗೆ ನೆನಪು ಮಾಡಿದಳು.

ಅಪ್ಪ ಫೋರ್ಟಿನ ಹೋಟೆಲಿನಲ್ಲಿ ಕಾವಲಿ ಮುಂದೆ ನಿಲ್ಲುತ್ತಿದ್ದವರು. ಹುಡುಗನಾಗಿ ಬಂದು, ಹಗಲು ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅಕ್ಷರ ಮುತ್ತಿನ ಹಾಗೆ. ಹೋಟೆಲಿನ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ತಿಂಡಿಗಳ ಹೆಸರು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವ ಕೆಲಸವೂ ಅವರದೇ. ನಾನು ನೋಡಿದ ಮೊದಲ ಚಿತ್ರಕಾರ ಬಹುಶಃ ಅವರೇ. ರಾತ್ರಿ ಹನ್ನೊಂದಕ್ಕೆ ಚಾಳಿನ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದರೆ ಅಮ್ಮ ಎದ್ದು ಫ್ಯಾನ್ ಹಾಕುತ್ತಿದ್ದರು. ಒಂದೇ ಕೋಣೆ, ಒಂದೇ ಫ್ಯಾನು. ದಿನವಿಡೀ ನಾವು ಎರಡರಲ್ಲಿ ಇರಬೇಕಿತ್ತು, ಕರೆಂಟ್ ಬಿಲ್ಲಿನ ಹೆದರಿಕೆ. ಐದು ಅಪ್ಪನಿಗೆ ಮಾತ್ರ.

ಮೊನ್ನೆ ಸಂಜೆ ಕರೆಂಟ್ ಹೋಯಿತು. ಬಾಗಿಲು, ಕಿಟಕಿ, ಯಾವುದರಿಂದಲೂ ಎಲೆ ಅಲುಗುವಷ್ಟು ಗಾಳಿ ಇಲ್ಲ. ಇದಕ್ಕಿಂತ ಒಳ್ಳೆಯ ಮುಹೂರ್ತ ಬರುವುದಿಲ್ಲ ಎಂದು ಕಿಟಕಿಯ ಬೆಳಕಿನಲ್ಲಿ ಎರಡನೇ ಬೋರ್ಡು ಇಟ್ಟುಕೊಂಡೆ. ನೀರಿನ ಕೈ ಹಚ್ಚಿದೆ. ನೀಲಿ ಎಳೆದೆ, ಬಿಳಿ ಬೆರೆಸಿದೆ. ಕರಗಿತು. ಇನ್ನೊಂದು ಗೆರೆ, ಅದೂ ಕರಗಿತು. ಅಮ್ಮ ಹಿಂದೆ ಸ್ಟೂಲಿನ ಮೇಲೆ ಕೂತು ಹಳೆಯ ಪೇಪರ್ ಮಡಚಿ ನನ್ನ ಬೆನ್ನಿಗೆ ಗಾಳಿ ಹಾಕುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಬೆನ್ನಿಗೆ ತಾನೇ, ಬೋರ್ಡಿಗಲ್ಲವಲ್ಲ. ಆಕಾಶ ಅರ್ಧ ಇಳಿದಿತ್ತು. ಮಗಳಿಗೆ ಫೋಟೋ ಕಳಿಸಬೇಕು ಅಂದುಕೊಂಡೆ.

ಫ್ರಿಜ್ಜು ಗುರ್ ಎಂದಿತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿತು. ತಲೆಯ ಮೇಲೆ ಫ್ಯಾನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗಲು ಶುರುವಾಯಿತು. ನಾನು ಬ್ರಷ್ಷು ಹಿಡಿದುಕೊಂಡೇ ಅಮ್ಮನ ಕಡೆ ತಿರುಗಿದೆ.

"ಕರೆಂಟ್ ಬಂದ್ ಕೂಡ್ಲೆ ಗಾಳಿ ಬರ್ಲಿ ಅಂದೇಳಿ ಐದಕ್ಕೇ ಇಟ್ಟಿದ್ದೆ ಮಗಾ" ಎಂದರು, ಪೇಪರ್ ಮಡಚಿ ಬದಿಗಿಡುತ್ತಾ.