ಹನ್ನೊಂದು ತುಂಬಿದ ಚಾಂದನಿ ಮತ್ತು ಒಂದು ಪಿಡಿಎಫ್

ಇವತ್ತು ಮುಂಜಾನೆ ನಮ್ಮ ಕುದುರೆ ಚಾಂದನಿಗೆ ನೆನೆ ಹಾಕಿದ ಕಡಲೆ ಇಡ್ತಿದ್ದೆ, ಫೋನ್ ಟಿಂಗ್ ಅಂತು. ವಿಮೆ ಕಂಪನಿಯ ರಿನ್ಯೂವಲ್ ಪಿಡಿಎಫ್. ಒದ್ದೆ ಕೈಯಲ್ಲೇ ತೆಗೆದು ಓದಿ ಮುಗಿಸೋ ಹೊತ್ತಿಗೆ ಅವಳು ಬುಟ್ಟಿ ಖಾಲಿ ಮಾಡಿ ನನ್ನ ಸೆರಗು ಜಗ್ಗುತ್ತಿದ್ದಳು. ಆ ಸಿಟ್ಟಲ್ಲೇ ಬರೀತಿದ್ದೇನೆ. ಬ್ಯಾಂಕಿಗೆ ಹೊತ್ತಾಗಿದೆ, ಕಾಗುಣಿತ ತಪ್ಪಿದ್ದರೆ ಕನ್ನಡ ಮೇಷ್ಟ್ರುಗಳು ಹೊಟ್ಟೆಗೆ ಹಾಕಿಕೊಳ್ಳಿ.

ಲೆಕ್ಕ ಕೇಳಿ. ಹೋದ ವರ್ಷ ಚಾಂದನಿಗೆ 1,80,000ಕ್ಕೆ ವಿಮೆ ಇತ್ತು, ಕಂತು 9,900. ಈ ವರ್ಷ ಅವರೇ ಕೂತು ಅವಳ ಬೆಲೆ 1,40,000 ಅಂತ ಇಳಿಸಿದ್ದಾರೆ. ಕಂತು? 11,200, ತೆರಿಗೆ ಬೇರೆ. ನೂರಕ್ಕೆ ಐದೂವರೆ ಇದ್ದದ್ದು ಎಂಟಾಗಿದೆ. ಕುದುರೆ ಸತ್ತರೆ ನಲವತ್ತು ಸಾವಿರ ಕಡಿಮೆ ಕೊಡ್ತೀವಿ, ಆ ಉಪಕಾರಕ್ಕೆ ನೀವು ಸಾವಿರದ ಮುನ್ನೂರು ಹೆಚ್ಚು ಕೊಡಿ!

ಏಜೆಂಟರಿಗೆ ಫೋನ್ ಹಚ್ಚಿದೆ.

"ಮೇಡಮ್, ಕುದುರಿಗಿ ಹನ್ನೊಂದು ವರ್ಷ ಆತಲ್ರೀ. ರಿಸ್ಕ್ ಜಾಸ್ತಿ."

"ಹಂಗಾದ್ರ ಬೆಲಿ ಯಾಕ ಇಳಿಸೀರಿ?"

"ವಯಸ್ಸಾತಲ್ರೀ ಮತ್ತ."

ಹೋಗ್ತಾನೂ ಕೊಯ್ತದೆ, ಬರ್ತಾನೂ ಕೊಯ್ತದೆ. ಗರಗಸಕ್ಕೆ ಇನ್ನೇನು ಬೇಕು.

ಹೊಸಬರಿಗೆ ಒಂದು ಮಾತು. ಸೊಲ್ಲಾಪುರ ಜಿಲ್ಲೆಯ ದುಧನಿಯಲ್ಲಿ ನಮ್ಮ ತಮ್ಮ ಬಸು ಮದುವೆಗೆ ಕುದುರೆ ಬಿಡ್ತಾನೆ. ಅಪ್ಪ ಸೊಲ್ಲಾಪುರದಲ್ಲಿ ಟಾಂಗಾ ಹೊಡೆದವರು, ಟಾಂಗಾ ಹೋಯಿತು, ಕುದುರೆ ಹುಚ್ಚು ಉಳಿಯಿತು. ತುಳಸಿ ಲಗ್ನ ಮುಗಿದ ಮೇಲೆ ಅಕ್ಕಲಕೋಟೆಯಿಂದ ಆಚೆ ಆಳಂದದವರೆಗೆ ಮೆರವಣಿಗೆಗೆ ಕರೀತಾರೆ. ನವರದೇವನನ್ನ, ಅಂದರೆ ಮದುಮಗನನ್ನ, ಕೂರಿಸಿ ಮಾರುತಿ ಗುಡಿಗೆ ಕರಕೊಂಡು ಹೋಗಿ ಬರೋದು, ಅಷ್ಟೇ ಕೆಲಸ. ಅಷ್ಟೇ ಅಂದೆನಲ್ಲ, ಟೆಂಪೋ ತುಂಬ ಡಿಜೆ ಪೆಟ್ಟಿಗೆ, ಕಣ್ಣಿಗೆ ಚುಚ್ಚೋ ಲೈಟು, ಕಾಲಡಿ ಪಟಾಕಿ ಸರ, ಕುಡಿದ ಮಾವಂದಿರು. ನಾಲ್ಕು ವರ್ಷದ ಕುದುರೆ ಆದರೆ ನವರದೇವನ ಸಮೇತ ತೊಗರಿ ಹೊಲಕ್ಕೆ ಇಳಿಯುತ್ತೆ. ಚಾಂದನಿ ಕಿವಿ ಒಂದಿಷ್ಟು ಅಲ್ಲಾಡಿಸಿ ಸುಮ್ಮನೆ ನಿಲ್ಲುತ್ತಾಳೆ. ಆ ಸಮಾಧಾನ ಕಲಿಯೋದಕ್ಕೇ ಆರು ವರ್ಷ ಹಿಡಿದಿದೆ. ಮದುವೆ ಮನೆಯವರು ಹಣ ಕೊಡೋದು ಅದಕ್ಕೆ. ಬಸು ಹೇಳೋ ಪ್ರಕಾರ ಅವಳ ಬೆಲೆ ಈಗ ತಂದ ದಿನಕ್ಕಿಂತ ಹೆಚ್ಚು. ಕಂಪನಿಯವರ ಕೋಷ್ಟಕದಲ್ಲಿ ಮಾತ್ರ ಅವಳು ಹಳೇ ಮೋಟಾರ್ ಸೈಕಲ್ಲು, ವರ್ಷ ವರ್ಷ ಸವೆಯೋ ಸಾಮಾನು.

"ಕುದುರೆ ಸಾಕೋದು ಶ್ರೀಮಂತರ ಶೋಕಿ ಮೇಡಮ್, ವಿಮೆ ಯಾಕೆ ಅಳ್ತೀರಿ" ಅಂತ ಹೋದ ಸಲ ಬೆಂಗಳೂರಿನ ಒಬ್ಬರು ಕಾಮೆಂಟ್ ಹಾಕಿದ್ದರು. ಸ್ವಾಮಿ, ನೀವು ನೋಡಿದ್ದು ರೇಸ್ ಕೋರ್ಸಿನ ಕುದುರೆ. ಸೊಲ್ಲಾಪುರದ ಒಂದು ವಿಮೆ ಆಫೀಸಿನಲ್ಲೂ ನನಗೆ ಮೊದಲು ಕೇಳಿದ್ದು ಅದನ್ನೇ, "ರೇಸಿಂದೇನ್ರೀ?" ಅಲ್ಲ ಅಂದ ಕೂಡಲೇ ಆತನ ಪೆನ್ನಿನ ಟೊಪ್ಪಿಗೆ ಮುಚ್ಚಿತು. ಮುಂಬೈಯ ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ, ಪುಣೆಯಲ್ಲಿ ಓಡೋ ಕುದುರೆಗೆ ಕುರ್ಚಿ ಎಳೆದು ಕೂರಿಸ್ತಾರೆ. ನಮ್ಮ ಪಂಢರಿ ವಾರಿಯಲ್ಲಿ, ಅಂದರೆ ಪಂಢರಪುರದ ಕಾಲ್ನಡಿಗೆ ಯಾತ್ರೆಯಲ್ಲಿ, ಜ್ಞಾನೋಬಾ ಮಾವುಲಿಯ (ಸಂತ ಜ್ಞಾನೇಶ್ವರರ) ಪಲ್ಲಕ್ಕಿ ಮುಂದೆ ರಿಂಗಣದಲ್ಲಿ, ಭಕ್ತರು ಬಿಟ್ಟ ಸುತ್ತಿನಲ್ಲಿ, ಓಡೋ ಕುದುರೆ ಬರೋದು ಚಿಕ್ಕೋಡಿ ಕಡೆಯ ಅಂಕಲಿಯಿಂದ. ಅದರ ಕಾಲಡಿ ಮಣ್ಣನ್ನ ಲಕ್ಷ ಜನ ಹಣೆಗೆ ಹಚ್ಕೋತಾರೆ. ಭೀಮೆಯ ದಂಡೆಯಲ್ಲಿ ಹುಟ್ಟಿದ ತಳಿಗೆ ಭೀಮಥಡಿ ಅಂತಲೇ ಹೆಸರು, ನಮ್ಮ 'ತಡಿ'ಯೇ ಅದು, ಮರಾಠಿ ಗೆಳೆಯರು ಜಗಳಕ್ಕೆ ಬಂದರೂ ನಾನು ಬಿಡೋದಿಲ್ಲ. ಶೋಕಿ ಅಂತೆ.

ಕಂಪನಿ ಪರವಾಗಿ ಮಾತಾಡೋ ಹಕ್ಕೂ ನನಗಿದೆ, ಬ್ಯಾಂಕಿನ ಕೌಂಟರಿನಲ್ಲಿ ಕೂರೋಳು ನಾನು. ವಿಮೆ ಮಾಡಿಸೋರ ಗುಂಪು ದೊಡ್ಡದಿದ್ದಷ್ಟೂ ಕಂತು ಸಣ್ಣದು. ಆಕಳಿಗೆ ಗುಂಪು ಸಿಗುತ್ತೆ, ಕುದುರೆಗೆ ಸಿಗಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಕುದುರೆ, ತಟ್ಟು ಸೇರಿ ಆರು ಲಕ್ಷದ ಮೇಲಿತ್ತು. 2019ರಲ್ಲಿ 3.4 ಲಕ್ಷ, ಹತ್ತಿರ ಹತ್ತಿರ ಅರ್ಧ ಮಾಯ. ಅದರಲ್ಲಿ ವಿಮೆ ಮಾಡಿಸೋರು ಎಷ್ಟು ಜನ ಇದ್ದಾರು? ಮೋಸಾನೂ ಇದೆ, ಇಲ್ಲ ಅನ್ನಲ್ಲ. ಸತ್ತದ್ದೊಂದು, ಕಾಗದದಲ್ಲಿದ್ದದ್ದೊಂದು, ಕಿವಿ ಕೊಯ್ದು ವಿಮೆಯ ಗುರುತಿನ ಬಿಲ್ಲೆ ಬದಲಿಸಿದ ಮಹಾನುಭಾವರ ಕಥೆ ಸಂತೆಯಲ್ಲಿ ಎಲ್ಲರಿಗೂ ಗೊತ್ತು. ಸರಿ. ಆದರೆ ಚಾಂದನಿಯ ಕೊರಳಲ್ಲಿ, ಆಯಾಲಿನ ಕೆಳಗೆ, ಎಡಗಡೆ, ಅಕ್ಕಿ ಕಾಳಿನಷ್ಟು ಮೈಕ್ರೋಚಿಪ್ ಇದೆ, ಹದಿನೈದು ಅಂಕಿ. ಅದನ್ನ ಯಾವ ಬ್ಲೇಡಿನಲ್ಲಿ ಕೊಯ್ಯೋಣ? ಚಿಪ್ ಹಾಕಿಸಿದ್ದು ನನ್ನ ಖರ್ಚಲ್ಲಿ. ಕಳ್ಳರ ಪಾಲಿನ ದಂಡ ಮಾತ್ರ ನನ್ನ ಕಂತಿನಲ್ಲೇ ಸೇರಿ ಬರುತ್ತೆ.

ಸರ್ಕಾರದ ಯೋಜನೆ ಇದೆಯಲ್ಲ ಅಂತೀರಿ. ಇದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ ತಿದ್ದಿತು. ಕಂತಿನಲ್ಲಿ ನೂರಕ್ಕೆ 15 ಪಾಲು ನಾವು, ಉಳಿದದ್ದು ಕೇಂದ್ರ ಮತ್ತು ರಾಜ್ಯ 60:40 ಲೆಕ್ಕದಲ್ಲಿ. ಅಂದರೆ 11,200ಕ್ಕೆ ನನ್ನ ಪಾಲು 1,680. ಬಾಯಲ್ಲಿ ನೀರು ಬಂತು, ರಜೆ ಹಾಕಿ ಸರ್ಕಾರಿ ಆಫೀಸಿಗೆ ಹೋದೆ. ಅಲ್ಲಿ ಟೇಬಲ್ಲಿನ ಹಿಂದಿದ್ದವರು ಕಾಗದ ನೋಡಿ ಅಂದರು, "ಆಕಳಾ, ಎಮ್ಮಿ ಇದ್ರ ತರ್ರಿ. ಕುದುರಿ ಅಂದ್ರ ಹೇರು ಹೊರೋದು ಬೇಕ್ರಿ." ತೊಂಬತ್ತು ಕಿಲೋದ ನವರದೇವ, ಅವನ ಮುಂದೆ ತಂಗಿ ಮಗ, ತಲೆ ಮೇಲೆ ಮೂರು ಕಿಲೋ ಬಾಸಿಂಗ, ಇದು ಹೇರು ಅಲ್ಲದೆ ಮತ್ತೇನ್ರೀ ಅಂದೆ. ನಕ್ಕರು. ನಗೋಕೆ ಮಾತ್ರ ಕೋಟಾ ಇತ್ತು.

ಈಗ ಬೇಡದ ಮಾತು ಒಂದು ಹೇಳ್ತೀನಿ.

ನಮ್ಮ ಓಣಿಯ ನಾಲಬಂದ ಕಾಕಾ ನಿಮಗೆ ಗೊತ್ತು, ಚಾಂದನಿಗೆ ಲಾಳ ಬಡಿಯೋರು. ಅವರದೂ ಒಂದು ಕುದುರೆ ಇತ್ತು, ಕಬರಾ ಬಣ್ಣದ್ದು. ಹೋದ ಮಾಘದಲ್ಲಿ ರಾತ್ರಿ ಹನ್ನೊಂದಕ್ಕೆ ಅದಕ್ಕೆ ಶೂಲೆ, ಹೊಟ್ಟೆನೋವು, ಹಿಡಿಯಿತು. ಕುದುರೆಗೆ ವಾಂತಿ ಆಗಲ್ಲ, ಹೊಟ್ಟೆಗೆ ಹೋದದ್ದು ಮುಂದೆ ಹೋಗಬೇಕು, ಇಲ್ಲವಾದರೆ ಒಳಗೇ ಉಬ್ಬಬೇಕು. ಅದು ತಿರುತಿರುಗಿ ತನ್ನ ಪಕ್ಕೆ ನೋಡ್ತಿತ್ತು, ಕಾಲು ಕೆರೀತಿತ್ತು, ಮೈಯೆಲ್ಲ ಬೆವರು. ಡಾಕ್ಟರ ಫೋನ್ ಬಂದ್. ಕಾಕಾ ಹಗ್ಗ ಹಿಡಿದು ಓಣಿಯಲ್ಲಿ ಅಡ್ಡಾಡಿಸಿದರು, ಬಸು ಒಂದಿಷ್ಟು ಹೊತ್ತು, ನಾನೊಂದಿಷ್ಟು ಹೊತ್ತು. ಅಜವಾನ, ಹಿಂಗು, ಬಿಸಿನೀರು ಗೊಟ್ಟದಲ್ಲಿ, ಬಾಯಿಗೆ ಔಷಧ ಹೊಯ್ಯೋ ಕೊಳವೆಯಲ್ಲಿ, ಹಾಕಿದರು, ಅವರ ಅಪ್ಪ ಹಾಕಿದ್ದು ಅದೇ. ನಸುಕಿನಲ್ಲಿ ಕುದುರೆ ಬಿತ್ತು. ಡಾಕ್ಟರು ಬಂದು ಪೋಸ್ಟ್‌ಮಾರ್ಟಂ ಮಾಡಿದರು, ಫೋಟೋ ಆಯಿತು, ಎಲ್ಲ ಕಾಗದ ಕಳಿಸಿದೆವು. ಎರಡು ತಿಂಗಳಿಗೆ ಇಂಗ್ಲಿಷಿನಲ್ಲಿ ಮೂರು ಸಾಲಿನ ಪತ್ರ. ಕಾಕಾ ಅದನ್ನ ನಾಲ್ಕು ಮಡಿಕೆ ಮಾಡಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಬ್ಯಾಂಕಿಗೆ ಬಂದರು, ಓದಿ ಹೇಳವ್ವಾ ಅಂತ.

ತಿಳಿಯದವರು ಔಷಧ ಮಾಡಿದ್ದಾರೆ, ಷರತ್ತಿನ ಪ್ರಕಾರ ಕ್ಲೇಮು ಬರಲ್ಲ ಅಂತಿತ್ತು.

"ಹಿಂಗು ಕೊಟ್ರ ಕುದುರಿ ಸಾಯ್ತಾವೇನವ್ವಾ?" ಅಂದರು.

ಆ ಷರತ್ತು ಪಾಲಿಸಿಯಲ್ಲಿ ಇತ್ತು. ಹೇಳದ ಕೆಲಸಕ್ಕೆ ಕುದುರೆ ಬಳಸಿದರೆ ಇಲ್ಲ, ಮಿತಿ ಮೀರಿ ಹೇರಿದರೆ ಇಲ್ಲ, ಕಳುವಾದರೆ ಇಲ್ಲ, ಮೊದಲ ಹದಿನೈದು ದಿನದ ರೋಗಕ್ಕೆ ಇಲ್ಲ, ಗೊತ್ತಿಲ್ಲದವರು ಮದ್ದು ಮಾಡಿದರೆ ಇಲ್ಲ. ಸಾಲದ ಜೊತೆಗೆ ಆ ಫಾರ್ಮು ತುಂಬಿದ್ದು ಯಾರು? ನಾನು. "ಇದ್ರಾಗ ಎಲ್ಲಾ ಬರ್ತದ ಕಾಕಾ, ಇಲ್ಲಿ ಹೆಬ್ಬಟ್ಟು ಒತ್ರಿ" ಅಂದದ್ದು ಯಾರು? ಮಾರ್ಚ್ ತಿಂಗಳು, ಟಾರ್ಗೆಟ್ ಇತ್ತು, ಹಿಂದೆ ಹನ್ನೆರಡು ಜನ ಸಾಲು ನಿಂತಿದ್ದರು, ಇವೆಲ್ಲ ನಿಜ. ನಾನು ಆ ಪುಟ ಓದಿರಲಿಲ್ಲ ಅನ್ನೋದೂ ನಿಜ. ಪುಣೆಯಲ್ಲಿ ವಿಮೆ ದೂರು ಕೇಳೋ ವಿಮಾ ಓಂಬುಡ್ಸ್‌ಮನ್‌ಗೆ ಈಗ ಅರ್ಜಿ ಬರೆದು ಕೊಟ್ಟಿದ್ದೇನೆ, ಪುಕ್ಕಟೆ, ವಕೀಲರೂ ಬೇಡ. ಕಾಕಾ ಮಾತ್ರ ಈಗಲೂ ನನ್ನ ಹತ್ತಿರ ಲಾಳದ ಹಣ ಹೆಚ್ಚು ತೆಗೆದುಕೊಳ್ಳಲ್ಲ. ಅದು ಇನ್ನೂ ಕಷ್ಟ.

ಹಾಗಾಗಿ ಈ ಸಲ ಕಂಪನಿ ಆರಿಸೋವಾಗ ನೂರಕ್ಕೆ ಎಷ್ಟು ಅಂತ ಕೊನೆಗೆ ಕೇಳಿದೆ. ಮೊದಲು ಕೇಳಿದ್ದು, ಸತ್ತಾಗ ನೀವು ಕೊಡೋದು ಪಾಲಿಸಿಯಲ್ಲಿ ಬರೆದ ಮೊತ್ತವೋ, ಇಲ್ಲಾ ಆ ದಿನದ ಸಂತೆ ಬೆಲೆಯೋ? ಎರಡರಲ್ಲಿ ಯಾವುದು ಕಡಿಮೆಯೋ ಅದು ಅಂದರು ಒಬ್ಬರು. ಹಾಗಾದರೆ ಹೆಚ್ಚಿನದಕ್ಕೆ ಕಂತು ಯಾಕೆ ಅಂದೆ. ಸಿಸ್ಟಮ್ ಅಂದರು. ಕೆಲಸ ಅನ್ನೋ ಕಡೆ 'ಮದುವೆ ಮೆರವಣಿಗೆ' ಅಂತ ಬರೀರಿ ಅಂದೆ, 'ಸವಾರಿ' ಸಾಕು ಅಂದರು ಇನ್ನೊಬ್ಬರು. ಸಾಕಾಗಲ್ಲ, ಕಾಕಾನ ಕಾಗದ ಓದಿದವಳು ನಾನು.

ಆಮೇಲೆ ನನ್ನದೇ ಒಂದು ಪರೀಕ್ಷೆ. ಮೊನ್ನೆ ರಾತ್ರಿ ಹತ್ತೂವರೆಗೆ ಮೂರು ಕಂಪನಿಯ ಕ್ಲೇಮು ನಂಬರಿಗೂ ಫೋನ್ ಮಾಡಿದೆ. ಒಂದು ರಿಂಗಾಗಿ ರಿಂಗಾಗಿ ಸತ್ತಿತು. ಎರಡನೆಯದು ಒಂದು ಒತ್ತಿ, ಎರಡು ಒತ್ತಿ ಅಂತ ಹೇಳಿ ಪಿಟೀಲು ಕೇಳಿಸಿತು. ಮೂರನೆಯದರಲ್ಲಿ ಸೊಲ್ಲಾಪುರದ ಒಬ್ಬ ಮನುಷ್ಯ, ಬಾಯಲ್ಲಿ ತುತ್ತು ಇಟ್ಟುಕೊಂಡೇ "ಹಾಂ, ಬೋಲಾ" ಅಂದ. ಕುದುರೆಗೆ ರಾತ್ರಿ ಶೂಲೆ ಬಂದರೆ ಏನು ಮಾಡಬೇಕು ಅಂದೆ. ನುಂಗಿ ಹೇಳಿದ, "ಮೊದಲ ನನಗ ಫೋನ್ ಮಾಡ್ರಿ, ಡಾಕ್ಟರ್ ಸಿಗಲಿಲ್ಲ ಅಂದ್ರ ಸಿಗಲಿಲ್ಲಂತ ಮೆಸೇಜ್ ಹಾಕ್ರಿ, ಟೈಮ್ ಬೀಳ್ತದ. ವಿಡಿಯೋ ತಗೀರಿ. ಗೊಟ್ಟಾ ಹಾಕಬ್ಯಾಡ್ರಿ." ಮರಾಠಿಯಲ್ಲಿ ಶುರು ಮಾಡಿದವನು ನನ್ನ ಮರಾಠಿ ಕೇಳಿ ತಾನಾಗೇ ಕನ್ನಡಕ್ಕೆ ಬಂದಿದ್ದ.

ಅವನ ಕಂಪನಿಯ ಕಂತು 12,000. ಈಗಿನದಕ್ಕಿಂತ ಎಂಟುನೂರು ಹೆಚ್ಚು. ಬಸು ಬಯ್ಯುತ್ತಿದ್ದಾನೆ, "ಅಕ್ಕಾ, ರೊಟ್ಟಿ ತಿನ್ನಾಂವನ ದನಿಗಿ ಎಂಟನೂರು ಕೊಡ್ತಿಯೇನು?" ಕೊಡ್ತೀನಿ.

ಒಂದೇ ತೊಡಕು. ಹೊಸ ಪಾಲಿಸಿಗೆ ಡಾಕ್ಟರು ಚಿಪ್ ಓದಿ, ಹಲ್ಲು ನೋಡಿ ಸರ್ಟಿಫಿಕೇಟ್ ಬರೀಬೇಕು. ಇಲ್ಲಿ ಹತ್ತಿರದಲ್ಲಿರೋ ಸ್ಕ್ಯಾನರ್ ಕೆಟ್ಟಿದೆಯಂತೆ, ಸೊಲ್ಲಾಪುರದವರೆಗೆ ಟೆಂಪೋದಲ್ಲಿ ಒಯ್ದರೆ ಬಾಡಿಗೆಯೇ ಕಂತಿನ ಕಾಲು ಭಾಗ ಆಗುತ್ತೆ. ಅಕ್ಕಲಕೋಟೆ, ಅಫಜಲಪುರ, ಆಳಂದ ಕಡೆ ಚಿಪ್ ಓದೋ ಮಷೀನು ಇರೋ ಡಾಕ್ಟರು ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಹಳೇ ಪಾಲಿಸಿ ಶುಕ್ರವಾರ ರಾತ್ರಿಗೆ ಮುಗಿಯುತ್ತೆ, ಭಾನುವಾರ ಮೈಂದರ್ಗಿಯಲ್ಲಿ ಮದುವೆ ಇದೆ.